ನಾಲ್ಕು ಚಾನೆಲ್‌ಗಳ ಒಮ್ಮತ: ತೇಜಸ್ ಕಂಪ್ಯೂಟರಿನ ಪೂರ್ವಚರಿತ್ರೆ

ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ಹಾರಾಟ ನಿಯಂತ್ರಣ ಕಂಪ್ಯೂಟರಿನಲ್ಲಿ ಒಂದೇ ಬಗೆಯ ನಾಲ್ಕು ಚಾನೆಲ್‌ಗಳು (ಲೆಕ್ಕ ಮಾಡುವ ಘಟಕಗಳು) ಇವೆ. ನಾಲ್ಕೂ ಒಂದೇ ಪೆಟ್ಟಿಗೆಯಲ್ಲಿದ್ದರೂ ಪ್ರತಿಯೊಂದಕ್ಕೂ ಪ್ರತ್ಯೇಕ ವಿದ್ಯುತ್ ಪೂರೈಕೆ ಉಂಟು. ಚುರುಕಾಗಿ ತಿರುಗಲೆಂದೇ ವಿಮಾನವನ್ನು ಅಸ್ಥಿರವಾಗಿ ವಿನ್ಯಾಸಗೊಳಿಸಿರುವುದರಿಂದ ಕಂಪ್ಯೂಟರಿನ ನೆರವಿಲ್ಲದೆ ಅದನ್ನು ಹಾರಿಸಲಾಗದು.

ನಾಲ್ಕು ಚಾನೆಲ್‌ಗಳಿದ್ದ ಮಾತ್ರಕ್ಕೆ ಸುರಕ್ಷತೆ ಬರುವುದಿಲ್ಲ. ಒಂದು ಕೆಟ್ಟರೆ ಉಳಿದ ಮೂರರ ಬಹುಮತ ಅದನ್ನು ತಳ್ಳಿಹಾಕುತ್ತದೆ. ಆದರೆ ಕೆಟ್ಟದ್ದನ್ನು ಗುಂಪಿನಲ್ಲೇ ಉಳಿಸಿಕೊಂಡರೆ, ಇನ್ನೊಂದೂ ಅದೇ ರೀತಿ ಕೆಟ್ಟಾಗ ಎರಡಕ್ಕೆ ಎರಡು ಸಮವಾಗಿ ತೀರ್ಮಾನವೇ ಆಗದು. ಮೊದಲೇ ಹೊರಗಿಟ್ಟಿದ್ದರೆ ಎರಡಕ್ಕೆ ಒಂದರ ಬಹುಮತ ಸಿಗುತ್ತದೆ. ಗುಂಪಿನಲ್ಲಿ ಯಾರಿದ್ದಾರೆ ಎಂಬ ಪಟ್ಟಿ ಎಲ್ಲ ಸದಸ್ಯರಲ್ಲೂ ಒಂದೇ ಆಗಿರಬೇಕಾದುದು ಇದಕ್ಕಾಗಿ.

ಈ ಅರಿವು ಹಂತಹಂತವಾಗಿ ಬೆಳೆಯಿತು. 1972ರಲ್ಲಿ ನಾಸಾ ಹಾರಿಸಿದ ಎಫ್-8 ವಿಮಾನದಲ್ಲಿ ಅಪೊಲೊ ಯೋಜನೆಯ ಒಂದೇ ಡಿಜಿಟಲ್ ಕಂಪ್ಯೂಟರ್ ಇತ್ತು. ಅದು ಕೈಕೊಟ್ಟರೆ ಅನಲಾಗ್ ವ್ಯವಸ್ಥೆ ನೆರವಿಗಿತ್ತು. 1976ರಲ್ಲಿ ಅದೇ ವಿಮಾನಕ್ಕೆ ಮೂರು ಡಿಜಿಟಲ್ ಕಂಪ್ಯೂಟರುಗಳು ಬಂದವು. ಬಾಹ್ಯಾಕಾಶ ಷಟಲ್‌ನಲ್ಲಿ ನಾಲ್ಕು ಕಂಪ್ಯೂಟರುಗಳು ಒಟ್ಟಿಗೆ ಕೆಲಸ ಮಾಡುತ್ತಿದ್ದವು, ಐದನೆಯದು ಮೀಸಲಿಗಿತ್ತು. ಯಾವ ಕಂಪ್ಯೂಟರ್ ಯಾವುದರ ಮೇಲೆ ದೋಷ ಹೊರಿಸುತ್ತಿದೆ ಎಂಬುದನ್ನು ಕಾಕ್‌ಪಿಟ್‌ನಲ್ಲಿ ಐದು ಸಾಲು, ಐದು ಕಂಬಸಾಲುಗಳ ದೀಪಫಲಕ ತೋರಿಸುತ್ತಿತ್ತು. ಬೇರೊಂದರ ವಿರುದ್ಧದ ಮತಕ್ಕೆ ಬಿಳಿ ದೀಪ, ತನ್ನದೇ ದೋಷವನ್ನು ಒಪ್ಪಿಕೊಂಡಾಗ ಹಳದಿ ದೀಪ. ಕೆಟ್ಟದ್ದನ್ನು ಸ್ಥಗಿತಗೊಳಿಸುವ ನಿರ್ಧಾರ ಗಗನಯಾತ್ರಿಗಳದ್ದು. 1981ರ ಏಪ್ರಿಲ್ 10ರಂದು ಮೀಸಲು ಕಂಪ್ಯೂಟರಿಗೂ ಉಳಿದ ನಾಲ್ಕಕ್ಕೂ ಕಾಲದ ಹೊಂದಾಣಿಕೆ ತಪ್ಪಿ ಮೊದಲ ಉಡಾವಣೆಯೇ ನಿಂತಿತು; ಎರಡು ದಿನಗಳ ನಂತರ ಷಟಲ್ ಮೇಲೇರಿತು.

ಇದೇ ಹೊತ್ತಿಗೆ ಸಿದ್ಧಾಂತವೂ ಗಟ್ಟಿಯಾಯಿತು. ಕೆಟ್ಟ ಕಂಪ್ಯೂಟರ್ ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳಬಹುದಾದರೆ, ಅಂಥ ಒಂದನ್ನು ತಾಳಿಕೊಂಡು ಒಮ್ಮತಕ್ಕೆ ಬರಲು ಕನಿಷ್ಠ ನಾಲ್ಕು ಬೇಕೆಂದು ಪೀಸ್, ಶೋಸ್ಟಾಕ್ ಮತ್ತು ಲ್ಯಾಂಪೋರ್ಟ್ 1980ರಲ್ಲಿ ಸಾಧಿಸಿದರು. ಸಂದೇಶ ತಲುಪಲು ಕಾಲಮಿತಿಯೇ ಇಲ್ಲದಿದ್ದರೆ, ಒಂದೇ ಒಂದು ಕೆಡುವ ಸಾಧ್ಯತೆಯಿದ್ದರೂ ಒಮ್ಮತದ ಖಾತರಿ ಕೊಡಲಾಗದೆಂದು 1985ರಲ್ಲಿ ಫಿಶರ್, ಲಿಂಚ್ ಮತ್ತು ಪ್ಯಾಟರ್ಸನ್ ತೋರಿಸಿದರು. ಏಕೆಂದರೆ ಸತ್ತ ಕಂಪ್ಯೂಟರಿಗೂ ನಿಧಾನವಾದ ಕಂಪ್ಯೂಟರಿಗೂ ಇರುವ ವ್ಯತ್ಯಾಸ ಹೊರಗಿನಿಂದ ತಿಳಿಯದು. ಕಾಲಮಿತಿ ಖಚಿತವಾಗಿರುವ ವ್ಯವಸ್ಥೆಗಳಲ್ಲಿ ಸದಸ್ಯರ ಪಟ್ಟಿಯ ಬಗ್ಗೆ ಒಮ್ಮತಕ್ಕೆ ಬರುವ ವಿಧಾನವನ್ನು ಐಬಿಎಂನ ಫ್ಲಾವಿಯು ಕ್ರಿಸ್ಟಿಯನ್ 1991ರಲ್ಲಿ ಪ್ರಕಟಿಸಿದರು.

ಬೆಂಗಳೂರಿನಲ್ಲಿ ಈ ವಿದ್ಯೆಯನ್ನು ಅರಗಿಸಿಕೊಳ್ಳಲು ಕಾಲ ಹಿಡಿಯಿತು. 1984ರಲ್ಲಿ ಈ ವಿಮಾನದ ಯೋಜನೆಗಾಗಿ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಸ್ಥಾಪನೆಯಾಯಿತು. ಕಂಪ್ಯೂಟರಿನ ಹೊಣೆ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟಿನದು. 1998ರ ಪೋಖರಣ್ ಪರೀಕ್ಷೆಗಳ ಬಳಿಕ ಅಮೆರಿಕ ನಿರ್ಬಂಧ ಹೇರಿದಾಗ ಈ ಕೆಲಸದಲ್ಲಿ ಕೈಜೋಡಿಸಿದ್ದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಸಹಕಾರ ನಿಂತು, ಉಳಿದ ಕೆಲಸವನ್ನು ಇಲ್ಲಿನ ಎಂಜಿನಿಯರುಗಳೇ ಪೂರೈಸಬೇಕಾಯಿತು. 2001ರ ಜನವರಿ 4ರಂದು ರಾಜೀವ್ ಕೋಠಿಯಾಲ್ ವಿಮಾನವನ್ನು ಮೊದಲ ಬಾರಿಗೆ ಹಾರಿಸಿ ಸುರಕ್ಷಿತವಾಗಿ ಇಳಿಸಿದರು. 2016ರ ಜುಲೈ 1ರಂದು ವಾಯುಪಡೆಯ ಮೊದಲ ತೇಜಸ್ ಸ್ಕ್ವಾಡ್ರನ್ ಬೆಂಗಳೂರಿನಲ್ಲೇ ಆರಂಭವಾಯಿತು.