ಸುಣ್ಣದ ಕುಂಚ, ಬಣ್ಣದ ಡಬ್ಬಿ

ಯುಗಾದಿಗೋ ದೀಪಾವಳಿಗೋ ಮನೆಗೆ ಸುಣ್ಣಬಣ್ಣ ಮಾಡಿಸಬೇಕು ಎನ್ನುತ್ತೇವೆ. ಒಂದೇ ಉಸಿರಿನಲ್ಲಿ ಬರುವ ಈ ಜೋಡುಪದದಲ್ಲಿ ಎರಡು ಬೇರೆ ಬೇರೆ ಕಸುಬುಗಳಿವೆ. ಸುಣ್ಣ ಹೊಡೆಯುವವನದು ಒಂದು, ಡಬ್ಬಿಯ ಬಣ್ಣ ಬಳಿಯುವ ಪೇಂಟರನದು ಇನ್ನೊಂದು. ಮೊದಲನೆಯದು ಎರಡನೆಯದಕ್ಕೆ ಜಾಗ ಬಿಟ್ಟುಕೊಟ್ಟ ಬಗೆಯನ್ನು ನಾವು ಅಷ್ಟಾಗಿ ಗಮನಿಸಿಲ್ಲ. ನಿಮ್ಮ ಮನೆಯ ಹುಡುಗನೊಬ್ಬ ಪೇಂಟರ್ ಆಗುತ್ತೇನೆಂದು ಹೊರಟಿದ್ದರೆ ಅವನಿಗೆ ಈ ಚರಿತ್ರೆ ತಿಳಿದಿರಬೇಕು. ಇದರಲ್ಲಿ ಅವನ ಆರೋಗ್ಯದ ಪ್ರಶ್ನೆ ಅಡಗಿದೆ.

ಸುಣ್ಣದಿಂದ ಆರಂಭಿಸೋಣ. ಸುಣ್ಣದ ಕಲ್ಲನ್ನೋ, ಕರಾವಳಿಯಲ್ಲಾದರೆ ಚಿಪ್ಪನ್ನೋ ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಕಲಸಿ, ಸೋಸಿ, ಗೋಡೆಗೆ ಬಳಿದಾಗ ಗಾಳಿಯಲ್ಲಿರುವ ಅದೇ ಅನಿಲವನ್ನು ಮರಳಿ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಬಿ.ಎಸ್ಸಿ. ತರಗತಿಯಲ್ಲಿ ಈ ಸಮೀಕರಣ ಬರೆದು ಅಂಕ ಗಳಿಸಿದ ನನ್ನಂಥವರಿಗೆ ಅದರ ಬಲಬದಿ ನಮ್ಮ ಮನೆಯ ಗೋಡೆಯ ಮೇಲೇ ಇದೆಯೆಂದು ಯಾರೂ ತೋರಿಸಿಕೊಡಲಿಲ್ಲ. ಸುಣ್ಣದವನಿಗೆ ಸಮೀಕರಣ ಗೊತ್ತಿರಲಿಲ್ಲ, ಸಾಮಗ್ರಿ ಗೊತ್ತಿತ್ತು. ಅಂಟಿಗೆ ಗೋಂದು, ಬಿಳುಪಿಗೆ ಚಿಟಿಕೆ ನೀಲಿ, ಕೆಂಪು ಬೇಕೆಂದರೆ ಕೆಮ್ಮಣ್ಣು. ತನ್ನ ಬಕೆಟ್ಟಿನಲ್ಲಿ ಏನಿದೆಯೆಂದು ಅವನು ಬಲ್ಲ. ಸುಣ್ಣವೂ ನಿರಪಾಯಕಾರಿಯಲ್ಲ, ಕೈ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಆದರೆ ಅದು ತಗುಲಿದ ಕ್ಷಣವೇ ಉರಿದು ಎಚ್ಚರಿಸುತ್ತದೆ.

ಡಬ್ಬಿಯ ಬಣ್ಣದ ಸಂಗತಿ ಹಾಗಲ್ಲ. ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದ ಬಣ್ಣದ ಕಾರ್ಖಾನೆ ತಲೆಯೆತ್ತಿದ್ದು 1902ರಲ್ಲಿ, ಕಲ್ಕತ್ತೆಯ ಪಕ್ಕದ ಹೌರಾದಲ್ಲಿ, ಅದೇ ಶಾಲಿಮಾರ್. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಅದೇ. ಮತದಾರರ ಬೆರಳಿನ ಅಳಿಸಲಾಗದ ಶಾಯಿ 1962ರಿಂದ ಬರುತ್ತಿರುವುದು ಅಲ್ಲಿಂದ. ಆ ಶಾಯಿಯ ಖ್ಯಾತಿಯಲ್ಲಿ ಅದು ಬಣ್ಣದ ಕಾರ್ಖಾನೆಯೆಂಬುದೇ ಜನರಿಗೆ ಮರೆತುಹೋಗಿದೆ. 1942ರಲ್ಲಿ ಮುಂಬಯಿಯಲ್ಲಿ ಏಷ್ಯನ್ ಪೇಂಟ್ಸ್ ಹುಟ್ಟಿತು. 1954ರಲ್ಲಿ ಅದರ ಡಬ್ಬಿಗೆ ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಬರೆದುಕೊಟ್ಟ, ಕುಂಚ ಹಿಡಿದ ತುಂಟ ಹುಡುಗ 'ಗಟ್ಟೂ'ವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ.

ಡಬ್ಬಿಯೊಳಗೆ ಏನಿರುತ್ತಿತ್ತು? ಜಗತ್ತಿನಾದ್ಯಂತ ಬಹುಕಾಲ ಮರ ಮತ್ತು ಕಬ್ಬಿಣಕ್ಕೆ ಬಳಿದ ಎಣ್ಣೆಬಣ್ಣವೆಂದರೆ ಅಗಸೆ ಎಣ್ಣೆಯಲ್ಲಿ ಅರೆದ ಬಿಳಿ ಸೀಸ. ಚೆನ್ನಾಗಿ ಮುಚ್ಚುತ್ತದೆ, ಬೇಗ ಒಣಗುತ್ತದೆ, ಮಳೆಗೆ ಜಗ್ಗುವುದಿಲ್ಲ. ಕೆಲಸಗಾರನ ಕಣ್ಣಿಗೆ ಅದಕ್ಕಿಂತ ಒಳ್ಳೆಯ ಬಣ್ಣವಿಲ್ಲ. ಕಬ್ಬಿಣದ ತುಕ್ಕು ತಡೆಯಲು ಕೆಂಪು ಸೀಸ, ಗಾಢ ಹಳದಿಗೆ ಸೀಸದ ಕ್ರೋಮೇಟ್. ಒಣಗಿದ ಬಣ್ಣವನ್ನು ಉಜ್ಜಿದಾಗ ಏಳುವ ಧೂಳು ಉಸಿರಿನೊಡನೆ, ತೊಳೆಯದ ಕೈಯ ಬೀಡಿಯೊಡನೆ, ಬುತ್ತಿಯೊಡನೆ ಒಳಗೆ ಹೋಗುತ್ತದೆ. ಉರಿಯುವುದಿಲ್ಲ, ವಾಸನೆಯಿಲ್ಲ. ನಮ್ಮ ದೇಹವು ಸೀಸವನ್ನು ಕ್ಯಾಲ್ಸಿಯಮ್ ಎಂದು ಭ್ರಮಿಸಿ ಎಲುಬುಗಳಲ್ಲಿ ದಶಕಗಳ ಕಾಲ ಕೂಡಿಡುತ್ತದೆ. ಕ್ಯಾಲ್ಸಿಯಮ್ ಎಂದರೆ ಸುಣ್ಣದ ಧಾತು! ತೀವ್ರವಾಗಿ ಹೊಟ್ಟೆ ನುಲಿಯುವುದು, ರಕ್ತಹೀನತೆ, ಕೊನೆಗೆ ಮಣಿಕಟ್ಟು ಸೋತು ಕೈ ಜೋತುಬೀಳುವುದು ಅದರ ಲಕ್ಷಣಗಳು. ಕುಂಚ ಹಿಡಿಯುವ ಕೈಯೇ ಸೋಲುತ್ತದೆ.

ಇದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝ್ಝಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಕುರಿತು ಬರೆದ ಗ್ರಂಥದಲ್ಲಿ ಚಿತ್ರಕಾರರಿಗೆಂದೇ ಒಂದು ಅಧ್ಯಾಯವಿದೆ; ಅವರ ನರಳಾಟಕ್ಕೆ ಅವರ ಬಣ್ಣಗಳೇ ಕಾರಣವೆಂದು ಆತ ಗುರುತಿಸಿದ್ದ. 1904ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ ಮಕ್ಕಳ ಸೀಸದ ವಿಷಕ್ಕೆ ಮನೆಯ ಜಗಲಿಯ ಕಟಕಟೆಗೆ ಬಳಿದ ಬಣ್ಣವೇ ಮೂಲವೆಂದು ತೋರಿಸಿದ. 1921ರಲ್ಲಿ ಜಿನೀವಾದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಬಿಳಿ ಸೀಸದ ಮೇಲೆಯೇ ಒಂದು ಒಪ್ಪಂದ ಮಾಡಿತು. ಕಟ್ಟಡಗಳ ಒಳಗೆ ಬಿಳಿ ಸೀಸ ಬಳಿಯಬಾರದು, 18 ವರ್ಷದೊಳಗಿನ ಹುಡುಗರನ್ನೂ ಹೆಂಗಸರನ್ನೂ ಅದರ ಕೆಲಸಕ್ಕೆ ಹಚ್ಚಬಾರದು ಎಂದಿತು. ಕೆಲವು ವಿನಾಯಿತಿಗಳನ್ನೂ ಇಟ್ಟಿತು. ಅನುಮೋದಿಸಿದ ರಾಷ್ಟ್ರಗಳ ಪಟ್ಟಿಯಲ್ಲಿ ಭಾರತವಿಲ್ಲ. ಗಟ್ಟೂ ಹುಟ್ಟಿದ್ದು ಈ ಒಪ್ಪಂದವಾಗಿ 33 ವರ್ಷಗಳ ಮೇಲೆ. ಅವನ ತುಂಟತನ ನನಗೂ ಪ್ರಿಯವೇ, ಆದರೂ ಕುಂಚ ಹಿಡಿದ ಆ ಎಳೆಯ ಕೈ ನೋಡಿದಾಗ ಜಿನೀವಾ ನೆನಪಾಗುತ್ತದೆ.

ಅಮೆರಿಕ ಮನೆಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ನಮ್ಮಲ್ಲಿ ನಿಯಮಗಳು ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಮನೆಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚು ಸೀಸ ಇರಕೂಡದೆಂದು ಕಾನೂನು ಹೇಳುತ್ತದೆ. ರಾಮಝ್ಝಿನಿಯಿಂದ ಇಲ್ಲಿಗೆ 316 ವರ್ಷ.

ಹಾಗಾದರೆ ಹುಡುಗ ಈ ಕಸುಬಿಗೆ ಹೋಗಬಾರದೆ? ಖಂಡಿತ ಹೋಗಲಿ. ಐ.ಟಿ.ಐ.ಗಳಲ್ಲಿ 'ಪೇಂಟರ್ ಜನರಲ್' ಎಂಬ ಎರಡು ವರ್ಷದ ತರಬೇತಿಯೇ ಇದೆ. ನೆಲಮಟ್ಟ ನೋಡಿ ಪುಟ್ಟಿ ಎಳೆಯುವುದು, ಬಣ್ಣ ಬೆರೆಸುವುದು, ಅಟ್ಟಣಿಗೆ ಕಟ್ಟುವುದು ಗೌರವದ ವಿದ್ಯೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೊಸ ಕಟ್ಟಡದ ಜೊತೆಗೆ ದುರಸ್ತಿ, ನಿರ್ವಹಣೆಗಳನ್ನೂ ಕಟ್ಟಡದ ಕೆಲಸವೆಂದೇ ಎಣಿಸಿತು. ಆದರೆ ಅದು ಅನ್ವಯಿಸಿದ್ದು ಹತ್ತು ಮಂದಿ ದುಡಿಯುವ ಕಡೆಗೆ. ನಿಮ್ಮ ಮನೆಗೆ ಬರುವ ಪೇಂಟರ್ ಸಾಮಾನ್ಯವಾಗಿ ಇಬ್ಬರನ್ನು ಕಟ್ಟಿಕೊಂಡು ಬರುತ್ತಾನೆ. ಅಲ್ಲಿ ಮೇಲ್ವಿಚಾರಕರು ನೀವೇ.

2017ಕ್ಕಿಂತ ಮೊದಲು ಎಣ್ಣೆಬಣ್ಣ ಕಂಡ ಕಿಟಕಿ, ಬಾಗಿಲು, ಗ್ರಿಲ್ಲುಗಳಲ್ಲಿ ಸೀಸ ಇನ್ನೂ ಇರಬಹುದು. ಹೊಸ ಬಣ್ಣಕ್ಕೆ ಮುಂಚೆ ಅದನ್ನು ಒಣಗಿದ್ದಂತೆಯೇ ಉಜ್ಜಿಸಬೇಡಿ. ನೀರುಕಾಗದದಿಂದ ಒದ್ದೆ ಮಾಡಿಕೊಂಡು ಉಜ್ಜಲಿ, ಕೆಳಗೆ ಹಳೆಯ ಪ್ಲಾಸ್ಟಿಕ್ ಹಾಸಿರಲಿ, ಮಕ್ಕಳೂ ಗರ್ಭಿಣಿಯರೂ ಆ ಹೊತ್ತು ದೂರವಿರಲಿ. ಒಣ ಉಜ್ಜಾಟದ ಧೂಳು ತಡೆಯಿರಿ, ಕೆಲಸಕ್ಕೆ ಬೇರೆ ಅಂಗಿ ಇರಲಿ, ಕೈ ತೊಳೆಯಲು ಅನುಕೂಲ ಮಾಡಿಕೊಡಿ ಎಂದು 1921ರ ಆ ಒಪ್ಪಂದವೂ ಹೇಳಿತ್ತು. ಮಧ್ಯಾಹ್ನ ಅವರು ಬುತ್ತಿ ಬಿಚ್ಚುವ ಮುನ್ನ ಒಂದು ಬಕೆಟ್ ನೀರು, ಒಂದು ಸೋಪು ಹಿತ್ತಲಲ್ಲಿ ಇಟ್ಟಿರಿ.