ಪದ್ಮಿನಿಯ ಆಯುಷ್ಯ: ಹಳೆಯ ಕಾರಿನ ತೀರ್ಪು ಯಾರದು?

ಹಾರ್ಬರ್ ಮಾರ್ಗದಲ್ಲಿ ವಡಾಲ ರೋಡ್ ನಿಲ್ದಾಣದಿಂದ ಕುರ್ಲಾ ಮೂರನೆಯ ನಿಲ್ದಾಣ. ನಡುವೆ ಗುರು ತೇಗ್ ಬಹಾದ್ದೂರ್ ನಗರ, ಚುನಾಭಟ್ಟಿ. ಇಷ್ಟು ಸಣ್ಣ ದೂರದೊಳಗೆ ಮುಂಬಯಿಯ ಒಂದು ಕಾರಿನ ಇಡೀ ಬದುಕನ್ನು ಗುರುತಿಸಬಹುದು. ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪೆನಿಯ ಕಾರ್ಖಾನೆಯಿತ್ತು. ನಗರದ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ದಶಕಗಳ ಕಾಲ ಓಡಿದ ಫಿಯಟ್ ಹಾಗೂ ಪದ್ಮಿನಿ ಕಾರುಗಳು ಹೊರಬಿದ್ದದ್ದು ಅಲ್ಲಿಂದ. ವಡಾಲದ ಟ್ರಕ್ ಟರ್ಮಿನಲ್‌ನಲ್ಲಿ ಮುಂಬಯಿ ಪೂರ್ವ ವಿಭಾಗದ ಆರ್‌ಟಿಒ ಕಚೇರಿಯಿದೆ. ‘ಎಂಎಚ್ 03’ ಸಂಖ್ಯೆಯ ವಾಹನಗಳು ನೋಂದಣಿಗೂ ಅರ್ಹತಾ ಪತ್ರಕ್ಕೂ ಬರಬೇಕಾದ್ದು ಇಲ್ಲಿಗೆ. ಕಾರು ಹುಟ್ಟುತ್ತಿದ್ದ ಜಾಗಕ್ಕೂ ಅದು ಇನ್ನೂ ಓಡಬಹುದೇ ಎಂದು ಅಪ್ಪಣೆ ಕೊಡುವ ಜಾಗಕ್ಕೂ ಇರುವುದು ಕೆಲವೇ ನಿಮಿಷಗಳ ರೈಲು ಪ್ರಯಾಣ.

ಹಳೆಯ ಕಾರನ್ನು ರಿಪೇರಿ ಮಾಡಿಸಬೇಕೋ, ಗುಜರಿಗೆ ಹಾಕಬೇಕೋ ಎಂಬುದು ಮೇಲುನೋಟಕ್ಕೆ ಮನೆಯೊಳಗಿನ ಲೆಕ್ಕ. ಗ್ಯಾರೇಜಿನವನು ಹೇಳಿದ ಖರ್ಚು ಒಂದು ಕಡೆ, ಕಾರಿಗೆ ಇಂದು ಸಿಗುವ ಬೆಲೆ ಇನ್ನೊಂದು ಕಡೆ. ಆದರೆ ಪದ್ಮಿನಿಯ ಚರಿತ್ರೆಯನ್ನು ಹಿಂಬಾಲಿಸಿದರೆ ಈ ಲೆಕ್ಕ ಮಾಲೀಕನೊಬ್ಬನ ಕೈಯಲ್ಲಿ ಎಂದೂ ಪೂರ್ತಿಯಾಗಿ ಇರಲಿಲ್ಲವೆಂಬುದು ಕಾಣುತ್ತದೆ. ಕಾರು ದುರಸ್ತಿಗೆ ಯೋಗ್ಯವೇ ಎಂಬುದನ್ನು ಕಾರಿನಷ್ಟೇ ಅದರ ಸುತ್ತಲಿನ ಊರೂ ನಿರ್ಧರಿಸುತ್ತದೆ.

ಮೊದಲು ಹುಟ್ಟಿನ ಕಥೆ. ಭಾರತದಲ್ಲಿಯೇ ಮೋಟಾರು ಕಾರ್ಖಾನೆ ಆಗಬೇಕೆಂಬ ಕನಸಿನ ಹಿಂದೆ ಕನ್ನಡಿಗರಿಗೆ ಪರಿಚಿತವಾದ ಹೆಸರೊಂದಿದೆ. 1930ರ ದಶಕದ ಮಧ್ಯಭಾಗದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪ್ ಹಾಗೂ ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದು, ಮುಂಬಯಿಯಲ್ಲಿ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಅದನ್ನು ಕೈಗೆತ್ತಿಕೊಂಡವರು ವಾಲ್‌ಚಂದ್ ಹೀರಾಚಂದ್. ಮುಂದೆ 1940ರಲ್ಲಿ ಮೈಸೂರು ಸಂಸ್ಥಾನದ ಸಹಯೋಗದಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದವರೂ ಅವರೇ. ಬ್ರಿಟಿಷ್ ಸರ್ಕಾರದಿಂದ ಪ್ರೋತ್ಸಾಹ ದೊರೆಯದೆ ಕಾರಿನ ಯೋಜನೆ ವರ್ಷಗಟ್ಟಲೆ ನೆನೆಗುದಿಗೆ ಬಿದ್ದು, ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಯಿತು. ಮೊದಲು ಅಮೆರಿಕದ ಕ್ರೈಸ್ಲರ್ ಕಂಪೆನಿಯ ಕಾರುಗಳನ್ನು ಜೋಡಿಸಿದ ಈ ಸಂಸ್ಥೆ 1950ರ ದಶಕದಲ್ಲಿ ಇಟಲಿಯ ಫಿಯಟ್ ಕಡೆಗೆ ಹೊರಳಿತು. 1964ರಲ್ಲಿ ಬಂದ ‘ಫಿಯಟ್ 1100 ಡಿಲೈಟ್’ ಮುಂಬಯಿಯ ಟ್ಯಾಕ್ಸಿಯಾಯಿತು. 1970ರ ದಶಕದಲ್ಲಿ ಅದೇ ಕಾರು ಕೆಲಕಾಲ ‘ಪ್ರೀಮಿಯರ್ ಪ್ರೆಸಿಡೆಂಟ್’ ಎನಿಸಿಕೊಂಡು, ಅನಂತರ ರಾಣಿ ಪದ್ಮಿನಿಯ ಹೆಸರು ಪಡೆಯಿತು.

ಹೆಸರು ಬದಲಾದರೂ ಒಡಲು ಹೆಚ್ಚು ಬದಲಾಗಲಿಲ್ಲ. 1089 ಸಿಸಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಇದ್ದ ಗೇರಿನ ಹಿಡಿ, ಹಿಂಬದಿಯಲ್ಲಿ ಪಟ್ಟಿಗಳ ಸ್ಪ್ರಿಂಗು: ಮೂರು ದಶಕಗಳಿಗೂ ಮೀರಿ ಕಾರಿನ ಮೂಲ ರಚನೆ ಅದೇ. ವಾಹನೋದ್ಯಮದ ದೃಷ್ಟಿಯಿಂದ ಇದು ಹಿಂದುಳಿದಿರುವಿಕೆ. ಟ್ಯಾಕ್ಸಿ ಓಡಿಸಿ ಬದುಕುವವನಿಗೆ ಮಾತ್ರ ಇದೊಂದು ವರವಾಗಿತ್ತು. ಸತ್ತ ಒಂದು ಕಾರು ನಾಲ್ಕು ಜೀವಂತ ಕಾರುಗಳಿಗೆ ಅಂಗಡಿಯಾಗುತ್ತಿತ್ತು. ಕುರ್ಲಾದ ಗುಜರಿ ಸಾಲುಗಳಲ್ಲಿ, ಚೋರ್ ಬಜಾರಿನಲ್ಲಿ ಬಾಗಿಲು, ಬಾನೆಟ್, ಕಾರ್ಬುರೇಟರ್ ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತಿದ್ದವು. ರಸ್ತೆಬದಿಯ ಮೆಕ್ಯಾನಿಕ್ ಹೊಸ ವಿದ್ಯೆ ಕಲಿಯಬೇಕಾದ ಅಗತ್ಯವೇ ಬೀಳಲಿಲ್ಲ. ಗುರುವಿನಿಂದ ಕಲಿತದ್ದನ್ನೇ ಶಿಷ್ಯನಿಗೆ ಕಲಿಸಿದರೆ ಸಾಕಿತ್ತು.

ಹೊಸ ಕಾರು ಸುಲಭವಾಗಿ ಸಿಗದ ಕಾಲವೂ ಅದಾಗಿತ್ತು. ಪರವಾನಗಿ ಆಡಳಿತದ ದಿನಗಳಲ್ಲಿ ದುಡ್ಡಿದ್ದವರೂ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯುವವರೆಗೆ ಆಯ್ಕೆ ಎಂಬುದು ಹೆಸರಿಗಷ್ಟೇ ಇತ್ತು. ಇಂಥ ಸನ್ನಿವೇಶದಲ್ಲಿ ‘ರಿಪೇರಿ ಮಾಡಿಸಲೇ’ ಎಂಬ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಾಗಿರುತ್ತಿತ್ತು. ಅಮೆರಿಕದ ವ್ಯಾಪಾರ ನಿರ್ಬಂಧದ ಬಳಿಕ ಕ್ಯೂಬಾದಲ್ಲಿ 1950ರ ದಶಕದ ಅಮೆರಿಕನ್ ಕಾರುಗಳು ಇಂದಿಗೂ ಓಡುತ್ತಿರುವುದರ ಹಿಂದಿನ ಕಾರಣವೂ ಇದೇ ಜಾತಿಯದು. ಅಲ್ಲೂ ಇಲ್ಲೂ ದುರಸ್ತಿಯ ಜಾಣ್ಮೆಯನ್ನು ಬೆಳೆಸಿದ್ದು ಅಭಾವ.

ಆದರೂ ಎಲ್ಲ ಕಾರುಗಳೂ ಬದುಕಿದವೆಂದಲ್ಲ. ಮುಂಬಯಿಯಲ್ಲಿ ಕಾರನ್ನು ಕೊಲ್ಲುವುದು ಸಾಮಾನ್ಯವಾಗಿ ತುಕ್ಕು. ಎಂಜಿನ್ ಎಣ್ಣೆ ಸುಡುತ್ತಾ ನೀಲಿ ಹೊಗೆ ಉಗುಳಿದರೆ ರಿಂಗು, ಪಿಸ್ಟನ್ ಬದಲಿಸಬಹುದು, ಸಿಲಿಂಡರನ್ನು ರೀಬೋರ್ ಮಾಡಿಸಬಹುದು. ಆದರೆ ಫಿಯಟ್ ಮಾದರಿಯ ಕಾರಿಗೆ ಬೇರೆಯಾದ ಚಾಸಿ ಇಲ್ಲ. ಮೈಯೇ ಅದರ ಎಲುಬು. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ರಸ್ತೆಯಲ್ಲಿ ನಿಂತ ನೀರು ಸೇರಿ ಕಾರಿನ ತಳವನ್ನೂ ಬಾಗಿಲ ಕೆಳಗಿನ ಅಂಚನ್ನೂ ತಿಂದುಹಾಕಿದರೆ ಬೆಸುಗೆಯ ತೇಪೆಗೆ ಒಂದು ಮಿತಿಯಿದೆ. ಆದ್ದರಿಂದ ಬಲ್ಲವರು ಬಾನೆಟ್ ಎತ್ತುವ ಮೊದಲು ಕಾಲಡಿಯ ಮ್ಯಾಟ್ ಎತ್ತುತ್ತಿದ್ದರು. ಎಂಜಿನ್ನನ್ನು ಕೊಳ್ಳಬಹುದು, ಎಲುಬನ್ನು ಕೊಳ್ಳಲಾಗದು ಎಂಬ ಈ ವಿವೇಕ ಇಂದಿಗೂ ಹಳೆಯ ಕಾರುಳ್ಳವರಿಗೆ ಸಲ್ಲುತ್ತದೆ.

ಗ್ಯಾರೇಜಿನ ಈ ತೀರ್ಪಿನ ಪಕ್ಕದಲ್ಲಿ ವಿಮೆಯ ತೀರ್ಪೊಂದಿದೆ. ವಿಮಾ ಪತ್ರದಲ್ಲಿ ಕಾರಿಗೆ ‘ಐಡಿವಿ’ ಎಂಬ ಬೆಲೆ ಕಟ್ಟಿರುತ್ತಾರೆ. ಮೊದಲ ಆರು ತಿಂಗಳಲ್ಲಿ ಶೇ. 5ರಷ್ಟು ಇಳಿಯುವ ಈ ಬೆಲೆ ಐದನೆಯ ವರ್ಷಕ್ಕೆ ಅರ್ಧಕ್ಕೆ ಬಂದಿರುತ್ತದೆ; ಅದರಾಚೆಗೆ ಮಾಲೀಕ ಹಾಗೂ ಕಂಪೆನಿ ಒಪ್ಪಿ ಗೊತ್ತುಮಾಡಿಕೊಂಡಷ್ಟು. ದುರಸ್ತಿಯ ಖರ್ಚು ಐಡಿವಿಯ ಶೇ. 75ನ್ನು ಮೀರಿದರೆ ಕಾರು ಪೂರ್ಣ ನಷ್ಟವೆಂದು ಎಣಿಕೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿದಾಗ ಈ ಲೆಕ್ಕ ಎಷ್ಟೋ ಮನೆಗಳಿಗೆ ಮೊದಲ ಬಾರಿ ಅರ್ಥವಾಯಿತು. ಹೊಸ ಕಾರಿನ ಇಲೆಕ್ಟ್ರಾನಿಕ್ ಭಾಗಗಳಿಗೆ ನೀರು ಹೊಕ್ಕರೆ ಬಿಲ್ಲು ಬೆಟ್ಟದಷ್ಟು. ಕಾರ್ಬುರೇಟರಿನ ಹಳೆಯ ಕಾರಿನಲ್ಲಿ ನೀರು ಕೆಡಿಸಬಹುದಾದ ಅಂಥ ಮೆದುಳೇ ಇರಲಿಲ್ಲ. ಬೆಲೆ ಕಡಿಮೆಯಾದಷ್ಟೂ ಪೂರ್ಣ ನಷ್ಟದ ಗೆರೆ ಬೇಗ ಸಿಗುತ್ತದೆ. ಹೀಗಾಗಿ ಕಾಗದದ ಮೇಲೆ ಸತ್ತ ಕಾರು ಬೀದಿಯಲ್ಲಿ ಓಡುತ್ತಲೇ ಇರುವುದು ಅಸಂಭವವೇನಲ್ಲ.

ಮೂರನೆಯ ತೀರ್ಪು ಸರ್ಕಾರದ್ದು. ಪದ್ಮಿನಿಯ ಭವಿಷ್ಯವನ್ನು ಕೊನೆಗೆ ಬರೆದದ್ದು ಅದೇ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸ್ವಂತ ಬಳಕೆಯ ಕಾರಿನ ನೋಂದಣಿಗೆ 15 ವರ್ಷಗಳ ಅವಧಿ. ತಪಾಸಣೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷ ನವೀಕರಣ. ಬಾಡಿಗೆಗೆ ಓಡುವ ಹಳೆಯ ವಾಹನ ಪ್ರತಿವರ್ಷವೂ ಅರ್ಹತಾ ಪತ್ರ ಪಡೆಯಬೇಕು. ಇಲ್ಲಿಯವರೆಗೆ ನಿಯಮ ನೋಡುವುದು ವಾಹನದ ಸ್ಥಿತಿಯನ್ನು. ಆದರೆ ಮುಂಬಯಿಯ ಟ್ಯಾಕ್ಸಿಗಳಿಗೆ 2008ರಲ್ಲಿ 25 ವರ್ಷಗಳ ವಯೋಮಿತಿ ಬಂತು. 2013ರಲ್ಲಿ ಅದು 20ಕ್ಕಿಳಿಯಿತು. ಅಂದಿನಿಂದ ಟ್ಯಾಕ್ಸಿಯ ಆಯುಷ್ಯ ಕ್ಯಾಲೆಂಡರಿನ ಲೆಕ್ಕಕ್ಕೆ ಸೇರಿತು. ಎಂಜಿನ್ ಎಷ್ಟೇ ಗಟ್ಟಿಯಾಗಿರಲಿ, ತಳ ಎಷ್ಟೇ ಭದ್ರವಾಗಿರಲಿ, ಇಪ್ಪತ್ತು ತುಂಬಿದ ದಿನ ಬಾಡಿಗೆಯ ಬದುಕು ಮುಗಿಯುತ್ತದೆ. ಹತ್ತೊಂಬತ್ತನೆಯ ವರ್ಷದಲ್ಲಿ ಎಂಜಿನ್ ಕೈಕೊಟ್ಟರೆ ರಿಪೇರಿಗೆ ಸುರಿದ ಹಣ ಮರಳಿ ಬರಲು ಉಳಿದಿರುವುದು ಒಂದೇ ವರ್ಷ. ದುರಸ್ತಿಯ ಲೆಕ್ಕಕ್ಕೆ ಹೀಗೆ ಕೊನೆಯ ದಿನಾಂಕವೊಂದು ಸೇರಿಕೊಂಡಿತು.

ಈ ನಿಯಮವನ್ನು ಕ್ರೂರವೆಂದು ತಳ್ಳಿಹಾಕುವುದು ಸುಲಭ; ನ್ಯಾಯವಾಗದು. ಟ್ಯಾಕ್ಸಿಯ ಮಾಲೀಕ ತನ್ನ ಖರ್ಚನ್ನು ಲೆಕ್ಕ ಹಾಕುತ್ತಾನೆಯೇ ಹೊರತು ಸಿಗ್ನಲ್ಲಿನಲ್ಲಿ ನಿಂತು ಆ ಹೊಗೆ ಕುಡಿಯುವವರ ಶ್ವಾಸಕೋಶದ ಖರ್ಚನ್ನಲ್ಲ. 1995ರಿಂದಲೇ ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಗಿತ್ತು. ಅದಕ್ಕಿಂತ ಹಿಂದಿನ ಸಾವಿರಾರು ಟ್ಯಾಕ್ಸಿಗಳಿಗೆ ಅಂಥ ಶೋಧಕವಿರಲಿಲ್ಲ. ಹೊಗೆಯ ವಿರುದ್ಧ ನಾಗರಿಕರು ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದರು. ಶತಮಾನದ ತಿರುವಿನಲ್ಲಿ ಹಳೆಯ ಟ್ಯಾಕ್ಸಿಗಳು ಸಿಎನ್‌ಜಿಗೆ ಬದಲಾಗಬೇಕಾಯಿತು. ಡಿಕ್ಕಿಯನ್ನು ಅನಿಲದ ಸಿಲಿಂಡರ್ ಆಕ್ರಮಿಸಿತು, ಪ್ರಯಾಣಿಕರ ಪೆಟ್ಟಿಗೆಗಳು ತಲೆಯ ಮೇಲಿನ ಕ್ಯಾರಿಯರಿಗೆ ಏರಿದವು. ಹಳೆಯ ಒಡಲಿಗೆ ಹೊಸ ಉಸಿರು ತುಂಬಿ ಓಡಿಸಿದ ಈ ಪರಿವರ್ತನೆ ಒಂದು ರೀತಿಯಲ್ಲಿ ಪದ್ಮಿನಿಯ ಅತಿದೊಡ್ಡ ದುರಸ್ತಿ. ಗುಜರಿಗೆ ಹಾಕದೆಯೂ ಗಾಳಿಯನ್ನು ಒಂದಿಷ್ಟು ತಿಳಿಗೊಳಿಸಬಹುದೆಂದು ಆಗ ತಿಳಿಯಿತು.

ಅಷ್ಟರಲ್ಲಿ ಊರೇ ಬದಲಾಗತೊಡಗಿತ್ತು. 2001ರ ಹೊತ್ತಿಗೆ ಪದ್ಮಿನಿಯ ತಯಾರಿಕೆ ನಿಂತಿತು. ಕುರ್ಲಾದಲ್ಲಿ ಕಾರ್ಖಾನೆ ಹೋಗಿ ಪ್ರೀಮಿಯರ್ ಎಂಬ ಹೆಸರು ರಸ್ತೆಗೆ ಉಳಿಯಿತು. ಹೊಸ ಬಿಡಿಭಾಗ ಬರುವುದು ನಿಂತಮೇಲೆ ಹಳೆಯ ದಾಸ್ತಾನು ಕರಗುತ್ತ ಹೋಯಿತು. ಹೊಸ ಟ್ಯಾಕ್ಸಿಗೆ ಸಾಲ ಸಿಗುವಂತಾಯಿತು. ಸ್ಯಾಂಟ್ರೊ, ವ್ಯಾಗನ್‌ಆರ್‌ಗಳು ಬಂದವು. ಟ್ಯಾಕ್ಸಿಯ ನಿಜವಾದ ಆಸ್ತಿ ಕಾರಲ್ಲ, ಪರ್ಮಿಟ್ ಎಂಬ ಸತ್ಯವೂ ಆಗ ಸ್ಪಷ್ಟವಾಯಿತು. ಕಾಯ್ದೆಯ ಅನುಮತಿಯಂತೆ ಹಳೆಯ ವಾಹನದ ಜಾಗಕ್ಕೆ ಹೊಸದನ್ನು ತಂದು ಅದೇ ಪರ್ಮಿಟ್ ಮುಂದುವರಿಸಬಹುದು. ದೇಹ ಬಿದ್ದರೂ ಜೀವ ಬೇರೊಂದು ದೇಹಕ್ಕೆ ಹೋಗಬಹುದಾದರೆ ಬೀಳುವ ದೇಹಕ್ಕೆ ಯಾರು ಔಷಧ ಹಾಕುತ್ತಾರೆ?

1990ರ ದಶಕದ ಕೊನೆಯಲ್ಲಿ ಸುಮಾರು 63 ಸಾವಿರ ಟ್ಯಾಕ್ಸಿಗಳು ಓಡುತ್ತಿದ್ದ ನಗರವಿದು. ಕಪ್ಪು-ಹಳದಿಯಾಗಿ ಕೊನೆಯ ಪದ್ಮಿನಿ ತಾರದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಅದಕ್ಕೆ ಇಪ್ಪತ್ತು ವರ್ಷ ತುಂಬಿ, 2023ರ ಅಕ್ಟೋಬರ್ 30ರಿಂದ ಮುಂಬಯಿಯ ಬೀದಿಗಳಲ್ಲಿ ಪದ್ಮಿನಿ ಟ್ಯಾಕ್ಸಿಗೆ ಅಧಿಕೃತ ಅಸ್ತಿತ್ವವಿಲ್ಲದಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಸ್ಟ್‌ನ ಡೀಸೆಲ್ ಡಬಲ್ ಡೆಕ್ಕರ್ ಬಸ್ಸುಗಳೂ ವಿದಾಯ ಹೇಳಿದ್ದವು.

ಈ ಎರಡು ವಿದಾಯಗಳ ನಡುವಿನ ಅಂತರ ಗಮನಾರ್ಹ. ಬಸ್ಸು ಒಂದು ಸಂಸ್ಥೆಯದು. ವಡಾಲಕ್ಕೆ ಹೊಂದಿಕೊಂಡಂತಿರುವ ಆಣಿಕ್ ಡಿಪೋದಲ್ಲಿ ಬೆಸ್ಟ್‌ನ ವಸ್ತುಸಂಗ್ರಹಾಲಯವಿದೆ. ಟ್ರಾಮಿನ ಕಾಲದಿಂದ ಮೊದಲುಗೊಂಡು ನಗರ ಸಾರಿಗೆಯ ನೆನಪನ್ನು ಅದು ಕಾಯ್ದಿಟ್ಟಿದೆ. ಟ್ಯಾಕ್ಸಿಗಳಾದರೋ ಒಬ್ಬೊಬ್ಬರ ಸ್ವತ್ತು. ಒಂದನ್ನಾದರೂ ಉಳಿಸಿಡಿ ಎಂದು ಟ್ಯಾಕ್ಸಿ ಚಾಲಕರ ಸಂಘಟನೆ ಸರ್ಕಾರವನ್ನು ಕೇಳಿಕೊಂಡಿತ್ತು. ತನ್ನ ಸಂಪಾದನೆಯ ಕಾರನ್ನು ಸ್ಮಾರಕವಾಗಿ ನಿಲ್ಲಿಸಿಡುವ ಶಕ್ತಿ ದುಡಿಯುವ ಚಾಲಕನಿಗೆ ಎಲ್ಲಿಂದ ಬರಬೇಕು? ಕಾನೂನಿನ ಕಣ್ಣಲ್ಲೂ ಒಂದು ವಿಚಿತ್ರವಿದೆ. 2021ರ ಜುಲೈ ತಿಂಗಳ ನಿಯಮದಂತೆ 50 ವರ್ಷ ದಾಟಿದ ಕಾರಿಗೆ ‘ವಿಂಟೇಜ್’ ಗೌರವ, ‘ವಿಎ’ ಅಕ್ಷರಗಳ ವಿಶೇಷ ಸಂಖ್ಯೆ. ಇಪ್ಪತ್ತಕ್ಕೆ ಕಸ, ಐವತ್ತಕ್ಕೆ ಪರಂಪರೆ! ನಡುವಿನ ಮೂವತ್ತು ವರ್ಷ ಅದನ್ನು ಪೋಷಿಸಬಲ್ಲವರು ಹಣವಂತರು ಮಾತ್ರ.

2021ರ ಆಗಸ್ಟಿನಲ್ಲಿ ಜಾರಿಗೆ ಬಂದ ಕೇಂದ್ರದ ಗುಜರಿ ನೀತಿ ತಾತ್ತ್ವಿಕವಾಗಿಯಾದರೂ ವಯಸ್ಸಿಗಿಂತ ಪರೀಕ್ಷೆಗೆ ಮಹತ್ವ ಕೊಡುತ್ತದೆ. ಯಂತ್ರಗಳಿಂದ ನಡೆಯುವ ತಪಾಸಣೆಯಲ್ಲಿ ಸೋತ ವಾಹನ ರಸ್ತೆ ಬಿಡಬೇಕು. ಜೊತೆಗೆ 2022ರ ಏಪ್ರಿಲ್‌ನಿಂದ 15 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಬಾಗಿಲು ತೆರೆದಿದೆ, ಹೊಸ್ತಿಲು ಎತ್ತರವಾಗಿದೆ. ಪ್ರಾಮಾಣಿಕವಾದ ತಪಾಸಣೆಯೇ ನಮಗೆ ಸರಿಯೆನಿಸುವ ದಾರಿ. ಹೊಗೆ ಉಗುಳುವ ಎಂಟು ವರ್ಷದ ಕಾರಿಗಿಂತ ಚೆನ್ನಾಗಿ ಸಾಕಿದ ಹದಿನೆಂಟರ ಕಾರು ಊರಿಗೆ ಹಿತ.

ನಮ್ಮ ಓದುಗರಲ್ಲಿ ಹಲವರ ಮನೆಯ ಕೆಳಗೆ ಇಂಥದೊಂದು ಕಾರು ಮುಸುಕು ಹೊದ್ದು ನಿಂತಿರಬಹುದು. ಅದರ ವಿಷಯದಲ್ಲಿ ಪದ್ಮಿನಿ ಕಲಿಸುವ ಪಾಠ ಸರಳ. ತಳ ಗಟ್ಟಿಯಿದೆಯೇ, ಬಿಡಿಭಾಗ ಸಿಗುತ್ತದೆಯೇ, ಅದನ್ನು ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿದ್ದಾನೆಯೇ, ನೋಂದಣಿ ಇನ್ನೆಷ್ಟು ವರ್ಷ ಉಳಿದಿದೆ? ಈ ನಾಲ್ಕಕ್ಕೂ ಉತ್ತರ ಒಳ್ಳೆಯದಾಗಿದ್ದರೆ ಮಾರುಕಟ್ಟೆಯ ಬೆಲೆ ನೋಡಿ ಹೆದರಬೇಕಿಲ್ಲ. ಒಂದಕ್ಕೆ ‘ಇಲ್ಲ’ ಎಂದು ಬಂದರೂ ಮಮತೆಯೊಂದೇ ಸಾಲದು. ನಾಲ್ಕರಲ್ಲಿ ಮೊದಲನೆಯದಷ್ಟೇ ಕಾರಿನ ಒಳಗಿನ ಸಂಗತಿ. ಉಳಿದ ಮೂರೂ ಊರು ಕಾಪಾಡಬೇಕಾದವು. 2021ರಲ್ಲಿ ಫೋರ್ಡ್ ಕಂಪೆನಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದಾಗ, ಇನ್ನೂ ಹೊಸದಾಗಿಯೇ ಇದ್ದ ಕಾರುಗಳ ಮಾಲೀಕರು ಬಿಡಿಭಾಗಗಳ ಚಿಂತೆಗೆ ಬಿದ್ದದ್ದು ಇದೇ ಕಾರಣಕ್ಕೆ. ಕುರ್ಲಾದ ಗುಜರಿ ಸಾಲೂ ರಸ್ತೆಬದಿಯ ಮೆಕ್ಯಾನಿಕ್ಕನ ಕೈಗುಣವೂ ಉಳಿದಿರುವಷ್ಟು ಕಾಲ ನಮ್ಮ ಕಾರುಗಳಿಗೆ ಮುಪ್ಪು ನಿಧಾನವಾಗಿ ಬರುತ್ತದೆ. ಅವು ಕಣ್ಮರೆಯಾದ ಊರಿನಲ್ಲಿ ಹತ್ತು ವರ್ಷದ ಕಾರೂ ಹಳತೇ.