ಮೂರು ಮುಳ್ಳಿನ ಆಲ್ಟಿಮೀಟರೂ ನನ್ನ ಮೇಜಿನ ಮಾನಿಟರೂ

ಸೆಕೆಂಡಿನದ್ದು ಬಿಟ್ಟರೆ ಗೋಡೆ ಗಡಿಯಾರಕ್ಕೆ ಎರಡು ಮುಳ್ಳು. ಹಳೇ ವಿಮಾನಗಳ ಆಲ್ಟಿಮೀಟರಿಗೆ, ಅಂದರೆ ಎತ್ತರ ತೋರಿಸೋ ಡಯಲಿಗೆ, ಮೂರು. ಉದ್ದದ ಮುಳ್ಳು ನೂರರ ಲೆಕ್ಕ, ಅದಕ್ಕಿಂತ ಗಿಡ್ಡದ್ದು ಸಾವಿರದ ಲೆಕ್ಕ, ಎಲ್ಲಕ್ಕಿಂತ ಚಿಕ್ಕದ್ದು ಹತ್ತು ಸಾವಿರದ ಲೆಕ್ಕ. ಮೂರನ್ನೂ ಓದಿ, ಮನಸ್ಸಲ್ಲೇ ಕೂಡಿಸಿಕೊಂಡು, ಈಗ ಇಷ್ಟು ಅಡಿ ಮೇಲಿದ್ದೀವಿ ಅಂತ ಪೈಲಟ್ ತಿಳ್ಕೋಬೇಕು. ಅದೂ ಮೋಡದೊಳಗೆ, ಕಿವಿಗೆ ರೇಡಿಯೊ ಮಾತು ಬೀಳ್ತಾ ಇರುವಾಗ.

1958ರ ಡಿಸೆಂಬರ್ 24ರಂದು ಇಂಗ್ಲೆಂಡಿನ ದಕ್ಷಿಣದಲ್ಲಿ, ಹರ್ನ್ ವಿಮಾನ ನಿಲ್ದಾಣದ ಹತ್ತಿರ, ಒಂದು ಬ್ರಿಸ್ಟಲ್ ಬ್ರಿಟಾನಿಯಾ ವಿಮಾನ ಪರೀಕ್ಷಾ ಹಾರಾಟ ಮುಗಿಸಿ ಕೆಳಗಿಳೀತಿತ್ತು. ಕೆಳಗೆಲ್ಲ ದಟ್ಟ ಮಂಜು. ಕಾಕ್‌ಪಿಟ್ಟಿನಲ್ಲಿದ್ದವರು ತಾವು 11,500 ಅಡಿಯಲ್ಲಿದ್ದೀವಿ ಅಂದುಕೊಂಡಿದ್ದರು. ವಿಮಾನ ಇದ್ದದ್ದು 1,500 ಅಡಿಯಲ್ಲಿ. ಇಳಿಯುತ್ತಲೇ ಹೋಗಿ ಹೊಲಕ್ಕೆ ಬಡಿಯಿತು. ಒಳಗಿದ್ದ 12 ಜನರಲ್ಲಿ 9 ಜನ ಸತ್ತರು. ಆಲ್ಟಿಮೀಟರನ್ನು ತಪ್ಪಾಗಿ ಓದಿದ್ದೇ ಕಾರಣ ಅಂತ ತನಿಖೆ ಹೇಳಿತು.

ಒಂದು ಕಾಗದದ ಮೇಲೆ ಡಯಲ್ ಬರೆದು ನೋಡಿ, ತಪ್ಪು ಹೇಗಾಯ್ತು ಅಂತ ಹೊಳೆಯುತ್ತೆ. 1,500 ಅಡಿಗೂ 11,500 ಅಡಿಗೂ ಉದ್ದದ ಮುಳ್ಳು ಇರೋದು 5ರ ಮೇಲೇ. ಎರಡನೇ ಮುಳ್ಳು ಎರಡಕ್ಕೂ 1 ಮತ್ತು 2ರ ನಡುವೆ. ಬೇರೆಯಾಗಿರೋದು ಆ ಚಿಕ್ಕ ಮುಳ್ಳೊಂದೇ: ಒಂದರಲ್ಲಿ ಸೊನ್ನೆ ದಾಟಿರುತ್ತೆ, ಇನ್ನೊಂದರಲ್ಲಿ 1ನ್ನು ದಾಟಿರುತ್ತೆ. ಎಲ್ಲಕ್ಕಿಂತ ದೊಡ್ಡ ಸುದ್ದಿಯನ್ನು ಹೇಳೋ ಕೆಲಸ ಎಲ್ಲಕ್ಕಿಂತ ಸಣ್ಣ ಮುಳ್ಳಿಗೆ. ನಮ್ಮ ಆಫೀಸಲ್ಲಿ ಯಾರಾದ್ರೂ ಇಂಥ ಸ್ಕ್ರೀನ್ ಡಿಸೈನ್ ಮಾಡಿ ತಂದರೆ ರಿವ್ಯೂನಲ್ಲೇ ಹರಿದು ಹಾಕ್ತೀವಿ.

ಆಗಿನವರಿಗೆ ಇದು ಗೊತ್ತಿರಲಿಲ್ಲ ಅಂತೇನಿಲ್ಲ. 1947ರಲ್ಲೇ ಅಮೆರಿಕದ ವಾಯುಸೇನೆಗಾಗಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞರು, ಮೀಟರುಗಳನ್ನು ಓದುವಾಗ ಪೈಲಟ್‌ಗಳಿಂದ ಆದ 270 ಎಡವಟ್ಟುಗಳನ್ನು ಕಲೆಹಾಕಿದ್ದರು. ಬಹುಮುಳ್ಳಿನ ಡಯಲುಗಳದ್ದೇ ಅದರಲ್ಲಿ ದೊಡ್ಡ ಪಾಲು. 1949ರಲ್ಲಿ ವಾಲ್ಟರ್ ಗ್ರೆಥರ್ ಬೇರೆ ಬೇರೆ ಥರದ ಆಲ್ಟಿಮೀಟರ್ ಚಿತ್ರಗಳನ್ನು ಪೈಲಟ್‌ಗಳ ಮುಂದಿಟ್ಟು ಓದಿಸಿದ. ಮೂರು ಮುಳ್ಳಿನದ್ದನ್ನು ಓದೋಕೆ ಸುಮಾರು 7 ಸೆಕೆಂಡ್ ಬೇಕಾಯ್ತು, ಆದ್ರೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಸಲ 1,000 ಅಡಿ ಅಥವಾ ಅದಕ್ಕೂ ಜಾಸ್ತಿ ತಪ್ಪು. ಬರೀ ಅಂಕಿ ತೋರಿಸೋ ಕೌಂಟರನ್ನು 2 ಸೆಕೆಂಡಿನೊಳಗೆ, ಹೆಚ್ಚುಕಮ್ಮಿ ತಪ್ಪೇ ಇಲ್ಲದೆ ಓದಿದರು. ಇಷ್ಟಾದ ಮೇಲೂ ಒಂಬತ್ತು ವರ್ಷ ಕಳೆದು ಬ್ರಿಟಾನಿಯಾ ಬಿತ್ತು. ‘ಪೈಲಟ್ ತಪ್ಪು’ ಅನ್ನೋ ಮಾತು ಕೇಳಿದಾಗೆಲ್ಲ ನನಗೆ ಈ ಒಂಬತ್ತು ವರ್ಷ ನೆನಪಾಗುತ್ತೆ.

ಸರಿ, ಇದಕ್ಕೂ ಮಾನಿಟರಿಗೂ ಏನು ಸಂಬಂಧ ಅಂತೀರಾ? ನಮ್ಮೂರಲ್ಲಿ ವಿಮಾನ ಅಂದ್ರೆ ಆಕಾಶದಲ್ಲೊಂದು ಬಿಳಿ ಗೀಟು, ಅಷ್ಟೇ. ಬೆಂಗಳೂರಿಗೆ ಬಂದು ಸಂಬಳ ಕೈಗೆ ಸಿಕ್ಕಮೇಲೆ ಫ್ಲೈಟ್ ಸಿಮ್ಯುಲೇಟರ್ ಹುಚ್ಚು ಹತ್ತಿತು. ಈ ಹುಚ್ಚಿರೋ ಎಲ್ಲರ ಗೋಳೂ ಒಂದೇ: ಹೊರಗಿನ ಬೆಟ್ಟ, ಮೋಡ ಎಲ್ಲಾ ಚಂದ, ಕಾಕ್‌ಪಿಟ್ಟಿನ ಅಂಕಿಗಳು ಮಾತ್ರ ಓದೋಕಾಗಲ್ಲ.

ವಿಚಿತ್ರ ಅಂದ್ರೆ, ಮೊದಮೊದಲು ಈ ತೊಂದರೆ ಇರಲೇ ಇಲ್ಲ. ಬ್ರೂಸ್ ಆರ್ಟ್‌ವಿಕ್ ಆಪಲ್ 2 ಕಂಪ್ಯೂಟರಿಗೆ ಬರೆದ ಸಿಮ್ಯುಲೇಟರಿಗೆ ಸಿಕ್ಕಿದ್ದು ಅಡ್ಡಕ್ಕೆ 280, ಉದ್ದಕ್ಕೆ 192 ಚುಕ್ಕಿ. 1982ರಲ್ಲಿ ಅದೇ ಆರ್ಟ್‌ವಿಕ್ ಕೈಯಿಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಐಬಿಎಂ ಪಿಸಿಗೆ ಬಂತು. ಆಗ ಪರದೆಯ ಮೇಲ್ಭಾಗ ಕಿಟಕಿ, ಕೆಳಭಾಗ ಡಯಲುಗಳು. ಆ ಡಯಲುಗಳನ್ನು ಆ ಪರದೆಗೆಂದೇ, ಇದೇ ಚುಕ್ಕಿ ಇಲ್ಲೇ ಇರಲಿ ಅಂತ ಕೂತು ಬರೆದಿದ್ದರು. ಚಂದ ಇರಲಿಲ್ಲ, ಆದರೆ ಓದಬಹುದಿತ್ತು. 2000ರ ದಶಕದಲ್ಲಿ ಮೂರು ಆಯಾಮದ ಕಾಕ್‌ಪಿಟ್ ಮುಂದೆ ಬಂತು. ತಲೆ ತಿರುಗಿಸಬಹುದು, ಸ್ವಿಚ್ ಒತ್ತಬಹುದು, ಎಲ್ಲಾ ನಿಜದ ಹಾಗೇ. 2020ರ ಆವೃತ್ತಿ ಬರೋ ಹೊತ್ತಿಗೆ ಹಳೇ ಚಪ್ಪಟೆ ಪ್ಯಾನೆಲ್ ಪೂರ್ತಿ ಮಾಯ. ಈಗ ಆಲ್ಟಿಮೀಟರ್ ಅನ್ನೋದು ಬೆಟ್ಟ, ಮೋಡ, ರೆಕ್ಕೆಯ ಜೊತೆ ಇರೋ ಚುಕ್ಕಿಗಳನ್ನೇ ಹಂಚಿಕೊಳ್ಳೋ ಇನ್ನೊಂದು ವಸ್ತು.

ನಮ್ಮಮ್ಮ ಹೇಳ್ತಿದ್ದರು, ಚುಕ್ಕಿ ಕಮ್ಮಿ ಇಟ್ಟು ನವಿಲು ಹಾಕೋಕೆ ಹೋದ್ರೆ ಕೋಳಿ ಬರುತ್ತೆ ಅಂತ. ರಂಗೋಲಿಯ ಆ ಲೆಕ್ಕ ಇಲ್ಲೂ ಹಾಕಬೇಕು.

ನಿಜವಾದ ಕಾಕ್‌ಪಿಟ್ಟಿನಲ್ಲಿ ಕಣ್ಣಿಗೂ ಮೀಟರಿಗೂ 75 ಸೆಂಟಿಮೀಟರ್ ದೂರ ಅಂತಿಟ್ಟುಕೊಳ್ಳಿ. ಅಲ್ಲಿರೋ 5 ಮಿಲಿಮೀಟರ್ ಎತ್ತರದ ಒಂದು ಅಂಕಿ ಕಣ್ಣಲ್ಲಿ 0.38 ಡಿಗ್ರಿ ಜಾಗ ತಗೊಳ್ಳುತ್ತೆ. (ಕೈ ನೀಳವಾಗಿ ಚಾಚಿ ಕಿರುಬೆರಳು ಎತ್ತಿ ಹಿಡಿದರೆ ಅದರ ಅಗಲ ಸುಮಾರು 1 ಡಿಗ್ರಿ.) ಸಿಮ್ಯುಲೇಟರಿನಲ್ಲಿ ಕಾಕ್‌ಪಿಟ್ ಅಗಲವಾಗಿ ಕಾಣಲಿ ಅಂತ ನಾವು 90 ಡಿಗ್ರಿ ನೋಟವನ್ನು ಪರದೆಗೆ ತುರುಕ್ತೀವಿ. ಆದರೆ 27 ಇಂಚಿನ ಮಾನಿಟರ್ 70 ಸೆಂಟಿಮೀಟರ್ ದೂರದಲ್ಲಿದ್ದರೆ ಕಣ್ಣಿಗೆ ತುಂಬೋದು 46 ಡಿಗ್ರಿ ಮಾತ್ರ. ಅಂದರೆ ಇಡೀ ಕಾಕ್‌ಪಿಟ್ ಅರ್ಧಕ್ಕಿಂತ ಚಿಕ್ಕದಾಗಿ ಕುಗ್ಗಿರುತ್ತೆ. ಫುಲ್ ಎಚ್‌ಡಿ ಪರದೆಯ ನಡುಭಾಗದಲ್ಲಿ ಆ ಅಂಕಿಗೆ ಸಿಗೋದು ಬರೀ 6 ಪಿಕ್ಸೆಲ್ ಎತ್ತರ. ರೈಲ್ವೆ ಸ್ಟೇಷನ್ನಿನ ಹಳೇ ಬೋರ್ಡುಗಳಲ್ಲಿ 5 ಅಡ್ಡ, 7 ಉದ್ದದ ಚುಕ್ಕಿಗಳಲ್ಲಿ ಅಕ್ಷರ ಬರ್ತಿತ್ತಲ್ಲ, ಅದಕ್ಕೂ ಇದು ಸಾಲದು. 1440ಪಿ ಪರದೆಯಲ್ಲಿ 8 ಆಗುತ್ತೆ. 4ಕೆ ಪರದೆಯಲ್ಲಿ 12ರಿಂದ 13.

ಇಲ್ಲೊಂದು ವಿಷಯ ಗಮನಿಸಿ, ಈ ಲೆಕ್ಕದಲ್ಲಿ ಇಂಚಿಗೆ ಕೆಲಸವೇ ಇಲ್ಲ. 24 ಇಂಚಿನ ಫುಲ್ ಎಚ್‌ಡಿ ಬಿಟ್ಟು 32 ಇಂಚಿನ ಫುಲ್ ಎಚ್‌ಡಿ ತಂದರೂ ಅದೇ 6 ಪಿಕ್ಸೆಲ್, ದಪ್ಪ ಆಗಿರುತ್ತೆ ಅಷ್ಟೇ. ಅಂಗಡಿಯವರು ಇಂಚನ್ನೇ ಮೊದಲು ಹೇಳ್ತಾರೆ. ಹಾಗಂತ ಇಂಚು ದಂಡ ಅಲ್ಲ. ಪರದೆ ದೊಡ್ಡದಾಗಿ ಕಣ್ಣಿಗೆ ಹೆಚ್ಚು ಡಿಗ್ರಿ ತುಂಬಿದರೆ, ಸಿಮ್ಯುಲೇಟರಿನ ನೋಟದ ಕೋನವನ್ನು 90ರಿಂದ 70ಕ್ಕೆ ಇಳಿಸೋಕೆ ಧೈರ್ಯ ಬರುತ್ತೆ. 4ಕೆ ಪರದೆಯಲ್ಲಿ ಹಾಗೆ ಮಾಡಿದರೆ ಅದೇ ಅಂಕಿಗೆ 18 ಪಿಕ್ಸೆಲ್.

ಇಷ್ಟೊಂದು ಪಿಕ್ಸೆಲ್ ಯಾಕಪ್ಪಾ ಅಂದರೆ, ಒಂದು ದಶಮಾಂಶ ಚುಕ್ಕಿಯ ಕಥೆ ಕೇಳಿ. 1992ರ ಜನವರಿ 20ರಂದು ಫ್ರಾನ್ಸಿನಲ್ಲಿ ಏರ್ ಇಂಟರ್ ಕಂಪನಿಯ ಏರ್‌ಬಸ್ ಎ320 ವಿಮಾನ ಲಿಯಾನಿನಿಂದ ಸ್ಟ್ರಾಸ್‌ಬರ್ಗಿಗೆ ಹೋಗ್ತಾ ಬೆಟ್ಟಕ್ಕೆ ಬಡಿದು 87 ಜನ ಸತ್ತರು. ಅದರ ಕಾಕ್‌ಪಿಟ್ಟಿನ ಒಂದೇ ಪುಟ್ಟ ಕಿಂಡಿ ಎರಡು ಬೇರೆ ವಿಷಯ ತೋರಿಸ್ತಿತ್ತು. ಇಳಿಜಾರಿನ ಕೋನವಾದರೆ -3.3. ನಿಮಿಷಕ್ಕೆ 3,300 ಅಡಿ ಇಳಿಯೋ ವೇಗವಾದರೆ -33. ಪೈಲಟ್‌ಗಳು ಕೋನ ಕೊಡ್ತಿದ್ದೀವಿ ಅಂದುಕೊಂಡು ವೇಗ ಕೊಟ್ಟಿರಬಹುದು ಅನ್ನೋದು ತನಿಖೆಯವರು ಮುಖ್ಯವಾಗಿ ಪರಿಗಣಿಸಿದ ಸಾಧ್ಯತೆ. ಆಮೇಲೆ ಏರ್‌ಬಸ್ ವೇಗವನ್ನು ಪೂರ್ತಿ ನಾಲ್ಕು ಅಂಕಿಯಲ್ಲಿ, -3300 ಅಂತ ತೋರಿಸೋ ಹಾಗೆ ಬದಲಾಯಿಸಿತು. 6 ಪಿಕ್ಸೆಲ್ ಎತ್ತರದ ಅಂಕಿಯಲ್ಲಿ ದಶಮಾಂಶ ಚುಕ್ಕಿ ಅಂದರೆ ಒಂದೇ ಪಿಕ್ಸೆಲ್, ಕೆಲವು ಸಲ ಅದೂ ಇರಲ್ಲ. ಮನೆಯಲ್ಲಿ ಆಡೋರಿಗೆ ಬೆಟ್ಟ ತಾಗಿದರೂ ಏನೂ ಆಗಲ್ಲ, ನಿಜ. ಆದರೆ ಪ್ರತಿ ಮೀಟರಿಗೂ ಜೂಮ್ ಮಾಡ್ತಾ ಕೂತರೆ ಅದು ಹಾರೋ ಅಭ್ಯಾಸ ಅಲ್ಲ, ಮೌಸ್ ಉಜ್ಜೋ ಅಭ್ಯಾಸ.

ಪರದೆಯ ಜಾತಿಯ ಬಗ್ಗೆ ಬೇಗ ಹೇಳಿಬಿಡ್ತೀನಿ. ವಿಎ ಪ್ಯಾನೆಲಿನ ಕಪ್ಪು ಚೆನ್ನಾಗಿರುತ್ತೆ, ರಾತ್ರಿ ಹಾರಾಟಕ್ಕೆ ಸೊಗಸು, ಆದರೆ ಕಪ್ಪಿನ ಮೇಲೆ ಓಡೋ ಅಂಕಿ ಸ್ವಲ್ಪ ಸವರಿದ ಹಾಗೆ ಕಾಣಬಹುದು. ಓಎಲ್‌ಇಡಿಯ ಕಪ್ಪಿಗೆ ಸಾಟಿಯೇ ಇಲ್ಲ, ಆದರೆ ಕಾಕ್‌ಪಿಟ್ಟಿನ ಚೌಕಟ್ಟು ಗಂಟೆಗಟ್ಟಲೆ ಒಂದೇ ಕಡೆ ನಿಂತಿರುತ್ತೆ, ಪರದೆಯಲ್ಲಿ ಅದರ ಅಚ್ಚು ಉಳಿಯೋ ಭಯ ನನಗಿದೆ. ಹಾಗಾಗಿ ನಾನು 32 ಇಂಚಿನ 4ಕೆ ಐಪಿಎಸ್ ತಗೊಂಡೆ. ಇನ್ನೊಂದು ಮಾತು. 4ಕೆ ಅಂದ್ರೆ ಫುಲ್ ಎಚ್‌ಡಿಯ ನಾಲ್ಕರಷ್ಟು ಪಿಕ್ಸೆಲ್, ಗ್ರಾಫಿಕ್ಸ್ ಕಾರ್ಡ್ ಬೆವರುತ್ತೆ. ಅದಕ್ಕೆ ಕಮ್ಮಿ ಪಿಕ್ಸೆಲ್ಲಿನಲ್ಲಿ ಚಿತ್ರ ಬರೆದು ಆಮೇಲೆ ಹಿಗ್ಗಿಸೋ ಸೌಲಭ್ಯ ಕೊಟ್ಟಿದ್ದಾರೆ. ಬೆಟ್ಟಕ್ಕೆ ಅದು ನಡೆಯುತ್ತೆ. ಆದರೆ ಎತ್ತರದ ಅಂಕಿ ಉರುಳುವಾಗ ಹಿಂದಿನ ಅಂಕಿಯ ನೆರಳು ಉಳಿದು, ಕೊಟ್ಟ ದುಡ್ಡೆಲ್ಲ ಅಲ್ಲೇ ಸೋರಿ ಹೋಗುತ್ತೆ.

ಕೊಳ್ಳೋ ಮೊದಲು ಅಂಗಡಿಗೆ ಪೆನ್‌ಡ್ರೈವಿನಲ್ಲಿ ಎರಡು ಚಿತ್ರ ಒಯ್ದಿದ್ದೆ. ಹಳೇ ಡಯಲುಗಳ ಸೆಸ್ನಾ 172 ಕಾಕ್‌ಪಿಟ್, ಒಂದು 1440ಪಿಯಲ್ಲಿ, ಒಂದು 4ಕೆಯಲ್ಲಿ. ಆಲ್ಟಿಮೀಟರಿನ ಬಲಬದಿಗೆ ಗಾಳಿಯ ಒತ್ತಡ ಹೊಂದಿಸೋ ಪುಟ್ಟ ಕಿಂಡಿ ಇರುತ್ತೆ, ಅದಕ್ಕೆ ಕೋಲ್ಸ್‌ಮನ್ ವಿಂಡೋ ಅಂತಾರೆ. ಪಾಲ್ ಕೋಲ್ಸ್‌ಮನ್ ಮಾಡಿದ ಸೂಕ್ಷ್ಮ ಆಲ್ಟಿಮೀಟರನ್ನು ನಂಬಿಕೊಂಡೇ 1929ರ ಸೆಪ್ಟೆಂಬರಿನಲ್ಲಿ ಜಿಮ್ಮಿ ಡೂಲಿಟಲ್ ಕಾಕ್‌ಪಿಟ್ಟಿಗೆ ಮುಸುಕು ಹಾಕಿಸಿ, ಹೊರಗೆ ಏನೂ ನೋಡದೆ, ವಿಮಾನ ಏರಿಸಿ ಇಳಿಸಿದ್ದು. ಇಡೀ ಕಾಕ್‌ಪಿಟ್ಟಿನಲ್ಲಿ ಓದೋಕೆ ಕಷ್ಟವಾದ ಜಾಗಗಳಲ್ಲಿ ಆ ಕಿಂಡಿಯೂ ಒಂದು. ಅಂಗಡಿಯ ಹುಡುಗ ಬಣ್ಣ ನೋಡಿ ಸಾರ್, ಬಣ್ಣ ನೋಡಿ ಅಂತಿದ್ದ. ನಾನು 70 ಸೆಂಟಿಮೀಟರ್ ದೂರ ನಿಂತು ಕಿಂಡಿ ನೋಡ್ತಿದ್ದೆ. 4ಕೆ ಪರದೆಯಲ್ಲಿ 1013 ಅಂತ ಓದೋಕೆ ಬಂತು. ಪಕ್ಕದ 1440ಪಿ ಪರದೆಯಲ್ಲಿ ಅದು 1013ಓ 1018ಓ ಅಂತ ಹೇಳೋಕೆ ಆಗಲಿಲ್ಲ. ಆ ಐದರ ವ್ಯತ್ಯಾಸ ಅಂದರೆ ಎತ್ತರದಲ್ಲಿ ಸುಮಾರು 140 ಅಡಿ.